ಹೆಸರು ಬದಲಿಸಿದರೆ ಲೈಬ್ರರಿ ಬದಲಾದೀತೇ?

ಪ್ರಶ್ನೆ: ಕಚೇರಿಯ ಲೆಕ್ಕಪತ್ರ ತಂತ್ರಾಂಶವನ್ನು ಹಳೆಯ ಲಿನಕ್ಸ್ ಕಂಪ್ಯೂಟರಿನಿಂದ ಉಬುಂಟು 22.04 ಇರುವ ಹೊಸದಕ್ಕೆ ಪೆನ್‌ಡ್ರೈವ್‌ನಲ್ಲಿ ಸಾಗಿಸಿದೆ. ಅದರ ಲೈಬ್ರರಿ (ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್‌ನ ಕಡತ) ಫೋಲ್ಡರ್ ಮೂರು ಪಟ್ಟು ದೊಡ್ಡದಾಗಿದೆ. ಲೈಬ್ರರಿಗಳ ಲಿಂಕ್ ಹಾಕುವ ‘ಎಲ್‌ಡಿಕಾನ್ಫಿಗ್’ ಆಜ್ಞೆ ಓಡಿಸಿದರೆ ‘ಇದು ಸಿಂಬಾಲಿಕ್ ಲಿಂಕ್ ಅಲ್ಲ’, ಅಂದರೆ ಬೇರೊಂದು ಕಡತವನ್ನು ತೋರಿಸುವ ಬರೀ ಹೆಸರಲ್ಲ, ಎನ್ನುತ್ತದೆ. ಜೊತೆಗೆ ‘ಲಿಬ್‌ಎಸ್‌ಎಸ್‌ಎಲ್.ಎಸ್ಒ.1.1’ (ಸುರಕ್ಷಿತ ಸಂಪರ್ಕಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ) ಇಲ್ಲವೆಂದು ತಂತ್ರಾಂಶ ತೆರೆಯುವುದೇ ಇಲ್ಲ. ಆ ಹೆಸರಿನ ಲಿಂಕ್ ಮಾಡಿ ‘ಲಿಬ್‌ಎಸ್‌ಎಸ್‌ಎಲ್.ಎಸ್ಒ.3’ಕ್ಕೆ ತಿರುಗಿಸು ಎನ್ನುತ್ತಾರೆ ಸ್ನೇಹಿತರು. ಮಾಡಲೇ?
– ಓದುಗರು, ಶಿವಮೊಗ್ಗ

ಉತ್ತರ: ಮಾಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಫೋಲ್ಡರ್ ಊದಿಕೊಂಡ ಕಥೆ.

ಲಿನಕ್ಸ್‌ನಲ್ಲಿ ಒಂದು ಲೈಬ್ರರಿಗೆ ಸಾಮಾನ್ಯವಾಗಿ ಮೂರು ಹೆಸರು. ಕೊನೆಯಲ್ಲಿ 1.4.2 ಎಂಬಂತೆ ಪೂರ್ತಿ ಸಂಖ್ಯೆ ಇರುವುದು ನಿಜವಾದ ಕಡತ. ಬರೀ 1 ಇರುವುದು, ತಂತ್ರಾಂಶ ಓಡುವಾಗ ಹುಡುಕುವ ಹೆಸರು. ಇದನ್ನು ‘ಎಸ್ಒನೇಮ್’ ಎನ್ನುತ್ತಾರೆ. ಸಂಖ್ಯೆಯೇ ಇಲ್ಲದ್ದು ತಂತ್ರಾಂಶ ಕಟ್ಟುವವರಿಗಾಗಿ. ಕೊನೆಯ ಎರಡೂ ಬರೀ ಲಿಂಕ್‌ಗಳು. ಆದರೆ ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಿಗೆ ಲಿಂಕ್ ಎಂದರೇನೆಂದೇ ಗೊತ್ತಿಲ್ಲ. ಹಾಗಾಗಿ ನಕಲಿಸುವಾಗ ಪ್ರತಿ ಲಿಂಕ್‌ನ ಜಾಗದಲ್ಲೂ ಇಡೀ ಕಡತವೇ ಬಂದು ಕುಳಿತಿದೆ. ಮುಂದಿನ ಸಲ ಫೋಲ್ಡರನ್ನು ‘ಟಾರ್’ ಆಜ್ಞೆಯಿಂದ ಒಂದೇ ಕಡತದ ಗಂಟು ಕಟ್ಟಿಯೇ ಸಾಗಿಸಿ. ಲಿಂಕ್‌ಗಳು ಲಿಂಕ್‌ಗಳಾಗಿಯೇ ಇಳಿಯುತ್ತವೆ.

ಈಗಿನ ಗೊಂದಲಕ್ಕೆ ಸುಲಭದ ಮದ್ದಿದೆ. ಪೂರ್ತಿ ಸಂಖ್ಯೆಯ ಕಡತವನ್ನು ಉಳಿಸಿಕೊಂಡು ಉಳಿದೆರಡು ನಕಲುಗಳನ್ನು ಬೇರೆಡೆಗೆ ಸರಿಸಿ. ಬಳಿಕ ‘ಎಲ್‌ಡಿಕಾನ್ಫಿಗ್ -ಎನ್’ ಎಂದು ಬರೆದು ಮುಂದೆ ಆ ಫೋಲ್ಡರಿನ ದಾರಿ ಕೊಡಿ. ಅದು ಕಡತದ ಒಳಗೇ ಬರೆದಿರುವ ಎಸ್ಒನೇಮ್ ಓದಿ ಲಿಂಕ್ ಹಾಕುತ್ತದೆ, ಬೇರೆ ಫೋಲ್ಡರುಗಳ ತಂಟೆಗೆ ಹೋಗುವುದಿಲ್ಲ. ನಾಳೆ 1.4.3 ಬಂದರೆ ಹಳೆಯದರ ಪಕ್ಕದಲ್ಲಿಟ್ಟು ಇದೇ ಆಜ್ಞೆ ಕೊಡಿ, ಲಿಂಕ್ ಹೊಸದಕ್ಕೆ ತಿರುಗುತ್ತದೆ. ಹಳೆಯ ಕಡತದ ಮೇಲೆಯೇ ಹೊಸದನ್ನು ನಕಲಿಸಬೇಡಿ: ಆ ಹೊತ್ತಿಗೆ ಅದನ್ನು ಬಳಸುತ್ತಿರುವ ತಂತ್ರಾಂಶದ ಕಾಲ ಕೆಳಗಿನ ನೆಲವನ್ನೇ ಅಗೆದಂತಾಗಿ ಅದು ಕುಸಿಯಬಹುದು.

ಇನ್ನು ಸ್ನೇಹಿತರ ಸಲಹೆ. ಎಸ್ಒನೇಮ್‌ನ ಸಂಖ್ಯೆ ಅಲಂಕಾರಕ್ಕೆ ಇಟ್ಟದ್ದಲ್ಲ. ಹಳೆಯ ತಂತ್ರಾಂಶಗಳು ಲೈಬ್ರರಿಯ ಹೊಸ ಆವೃತ್ತಿಯೊಡನೆ ಹೊಂದುವುದಿಲ್ಲ ಎಂದಾಗಲೇ ಅದನ್ನು ಬದಲಿಸುತ್ತಾರೆ. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ 3.0ರಲ್ಲಿ ಆದದ್ದೂ ಅದೇ. ನೀವು ಲಿಂಕ್ ಹಾಕಿದರೂ ‘ಓಪನ್‌ಎಸ್‌ಎಸ್‌ಎಲ್_1_1_0 ಆವೃತ್ತಿ ಸಿಗಲಿಲ್ಲ’ ಎಂಬ ಇನ್ನೊಂದು ದೂರು ಬರುತ್ತದೆ, ಅಷ್ಟೆ. ಹಾಗೆ ತಡೆದರೆ ಅದು ಅದೃಷ್ಟ ಎನ್ನಿ. ಒಳಗೆ ಇಂಥ ಆವೃತ್ತಿಯ ಗುರುತಿಲ್ಲದ ಲೈಬ್ರರಿಗಳಾದರೆ ತಂತ್ರಾಂಶ ಸುಮ್ಮನೆ ತೆರೆದುಕೊಂಡು ಎಲ್ಲೋ ನಡುವೆ ಎಡವುತ್ತದೆ. ಲೆಕ್ಕಪತ್ರದ ತಂತ್ರಾಂಶದಲ್ಲಿ ಅದು ಬೇಕೇ?

ತಯಾರಕರಿಂದ 3.0ಕ್ಕೆ ಹೊಂದುವ ಆವೃತ್ತಿಯನ್ನೇ ಕೇಳಿ. ಅಲ್ಲಿಯವರೆಗೆ ಹಳೆಯ ಯಂತ್ರದಲ್ಲಿರುವ 1.1ರ ಕಡತವನ್ನು, ಅದರ ಜೋಡಿ ‘ಲಿಬ್‌ಕ್ರಿಪ್ಟೊ’ವನ್ನೂ ಸೇರಿಸಿ, ತಂತ್ರಾಂಶದ ಸ್ವಂತ ಫೋಲ್ಡರಿನಲ್ಲಿಡಿ. ಆ ಒಂದು ತಂತ್ರಾಂಶವನ್ನು ತೆರೆಯುವ ಸ್ಕ್ರಿಪ್ಟ್‌ನಲ್ಲಿ ಮಾತ್ರ, ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ‘ಎಲ್‌ಡಿ_ಲೈಬ್ರರಿ_ಪಾತ್’ನಲ್ಲಿ ಆ ಜಾಗ ತೋರಿಸಿ. 1.1.1ರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರಿಗೇ ಮುಗಿದಿದೆ. ಆದ್ದರಿಂದ ಆ ತಂತ್ರಾಂಶಕ್ಕೆ ಅಂತರ್ಜಾಲದ ಸಂಪರ್ಕ ಬೇಡ.

ವ್ಯವಸ್ಥೆಯ ಮುಖ್ಯ ಲೈಬ್ರರಿ ಫೋಲ್ಡರುಗಳಲ್ಲಿ ಮಾತ್ರ ಕೈಯಾರೆ ಲಿಂಕ್ ತಿದ್ದಲು ಹೋಗಬೇಡಿ. ಬಹುತೇಕ ಎಲ್ಲ ತಂತ್ರಾಂಶಗಳೂ ನೆಚ್ಚಿಕೊಂಡಿರುವ ‘ಲಿಬ್‌ಸಿ.ಎಸ್ಒ.6’ ಒಂದು ತಪ್ಪಿದರೆ, ಲಿಂಕ್ ಹಾಕಿ ತಪ್ಪು ಸರಿಪಡಿಸಬೇಕಾದ ‘ಎಲ್‌ಎನ್’ ಆಜ್ಞೆಯೂ ಓಡುವುದಿಲ್ಲ.