ಜೋಳದ ಡಬ್ಬಿಯೊಳಗಿದ್ದ ನೋಟಿಸ್

(ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಮೊದಲು ಬಂದವಳು ಹುಡುಗನ ಅಕ್ಕ. ಬಾಗಲಕೋಟೆ ನವನಗರದಲ್ಲಿ, ಕಷ್ಟ ಹೇಳಿಕೊಂಡು ಬರುವವರಿಗಾಗಿ ನಾನು ಕೂರುವ ಕೋಣೆಯ ಬಾಗಿಲು ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಜಮಖಂಡಿ ಕಡೆಯ ಹಳ್ಳಿ. ಒಳಗೆ ಬಂದವಳೇ ಪರ್ಸಿನಿಂದ ಒಂದು ಕಾಗದ ತೆಗೆದಳು. ನಾಲ್ಕು ಮಡಿಕೆ ಮಾಡಿ, ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿದ್ದಳು. ಬಿಚ್ಚಿದರೆ ಮಡಿಕೆಯಿಂದ ಎರಡು ಜೋಳದ ಕಾಳು ಉದುರಿದವು.

"ಓದಾಕ ಹೆದರಿಕಿ ಆತ್ರೀ ಮೇಡಂ. ನಾಕ್ ದಿನಾ ಜೋಳದ ಡಬ್ಬ್ಯಾಗ ಇಟ್ಟಿದ್ವಿ."

ಪೊಲೀಸ್ ನೋಟಿಸ್ ಅದು. ಅವಳ ಸಣ್ಣ ತಮ್ಮನ ಹೆಸರಿಗೆ ಬಂದದ್ದು. ಅವನನ್ನು ಇಲ್ಲಿ ಬಸು ಅನ್ನುತ್ತೇನೆ. ವಯಸ್ಸು 24. ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದಾನೆ, ಕಬ್ಬಿನ ಹಂಗಾಮು ಬಂದರೆ ಟ್ರ್ಯಾಕ್ಟರ್ ಹೊಡೆಯುತ್ತಾನೆ. ನೋಟಿಸ್ ನೋಡಿದವನೇ ಮೀರಜಿನಲ್ಲಿರುವ ಗೆಳೆಯನ ಹತ್ತಿರ ಓಡಿಹೋಗಿದ್ದ. ಫೋನ್ ಬಂದ್.

ನಡೆದದ್ದು ಇಷ್ಟು. ಕಾಕಾನ ಮನೆಯವರಿಗೂ ಇವರಿಗೂ ಒಂದೇ ಬೋರಿನ ನೀರು. ಪಾಳಿ ವಿಷಯಕ್ಕೆ ಬದುವಿನ ಮೇಲೆ ಜಗಳ ಆಯಿತು. ಬಸುವಿನ ಅಣ್ಣ ಸಲಿಕೆ ಬೀಸಿದ. ಕಾಕಾನ ತಲೆಗೆ ಹೊಲಿಗೆ ಬಿತ್ತು. ಎಫ್‌ಐಆರ್‌ನಲ್ಲಿ ಮೂರು ಹೆಸರು: ಅಣ್ಣ, ಬಸು, ಅವರ ಅವ್ವ. ಅಣ್ಣನನ್ನು ಅವತ್ತೇ ರಾತ್ರಿ ಹಿಡಿದರು. ಬಸುವಿಗೆ ಮೂರು ದಿನದ ಮೇಲೆ ನೋಟಿಸ್ ಬಂತು.

ಬಸು ಆ ಹೊತ್ತಿಗೆ ಹೊಲದಲ್ಲಿ ಇರಲೇ ಇಲ್ಲ. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸರದಿಯಲ್ಲಿ ನಿಂತಿದ್ದ. ಇಷ್ಟಿದ್ದರೂ ಓಡಿಹೋದ. ನಾನು ತುಂಬ ಮನೆಗಳಲ್ಲಿ ಕಂಡದ್ದು ಇದೇ. ತಪ್ಪು ಮಾಡದವನು ಹೆದರಿಕೆಗೆ ತಪ್ಪು ಮಾಡಿದವನ ಹಾಗೆ ನಡೆದುಕೊಳ್ಳುತ್ತಾನೆ. ಆಮೇಲೆ ಅದೇ ಅವನಿಗೆ ಮುಳುವಾಗುತ್ತದೆ.

ನಾನು ವಕೀಲೆ ಅಲ್ಲ. ಅದನ್ನು ಮೊದಲೇ ಹೇಳಿದೆ. ಆದರೆ ನೋಟಿಸನ್ನು ಇಬ್ಬರೂ ಕೂತು ಸಾಲು ಸಾಲಾಗಿ ಓದಿದೆವು. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3) ಅಂತ ಇತ್ತು. ಕ್ರಿಮಿನಲ್ ಕೇಸನ್ನು ಪೊಲೀಸರು, ಕೋರ್ಟು ಹೇಗೆ ನಡೆಸಬೇಕು ಅಂತ ಹೇಳುವ ಕಾನೂನು ಅದು; 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದಿದೆ. ಕೋರ್ಟ್ ಕಟ್ಟೆಯ ಮೇಲೆ ಇವತ್ತಿಗೂ ಇದನ್ನು ಹಳೆಯ ಕಲಂ ನಂಬರಿನಲ್ಲೇ '41ಎ ನೋಟಿಸ್' ಅಂತ ಕರೆಯುತ್ತಾರೆ. ನಾಡಿದ್ದು ಬೆಳಿಗ್ಗೆ 11ಕ್ಕೆ ಠಾಣೆಗೆ ಬರಬೇಕು ಅನ್ನುವುದು ಅದರ ಸಾರ.

"ಅಂದ್ರ ಹಿಡದು ಒಳಗ ಹಾಕ್ತಾರೇನ್ರೀ?"

ಇಲ್ಲವ್ವಾ, ಇದು ಹಿಡಿಯದೆ ಕರೆಯುವ ಕಾಗದ ಅಂದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಹೆಸರು ಬಂತು ಅಂತ ಸುಮ್ನೆ ಬಂಧಿಸುವ ಹಾಗಿಲ್ಲ, ಬಂಧನ ಯಾಕೆ ಬೇಕು ಅನ್ನುವುದಕ್ಕೆ ಕಾರಣ ಬರೆದಿಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಇವರ ಮೇಲಿದ್ದ ದೊಡ್ಡ ಕಲಂ ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದು. ಅದಕ್ಕೆ ಹೆಚ್ಚೆಂದರೆ ಮೂರು ವರ್ಷ. ನೋಟಿಸಿನಂತೆ ಹಾಜರಾಗುತ್ತಿದ್ದರೆ, ಪೊಲೀಸರು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಹೋಗದಿದ್ದರೆ ಮಾತ್ರ ಬಂಧನದ ದಾರಿಯನ್ನು ನಾವೇ ತೆಗೆದುಕೊಟ್ಟಂತೆ. ಅಂದರೆ ಆ ಡಬ್ಬಿಯಲ್ಲಿ ಇವರು ಬಚ್ಚಿಟ್ಟದ್ದು ಬಸುವಿನ ರಕ್ಷಣೆಯ ಕಾಗದವನ್ನೇ. ಅಕ್ಕ ಅದನ್ನು ಕೇಳಿ ಬಹಳ ಹೊತ್ತು ಅತ್ತಳು. ಅಳಲಿ ಅಂತ ಬಿಟ್ಟೆ.

(ಇದೇ ನೋಟಿಸ್ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಏನು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಈ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಜಾರಿ ಆಯಿತು ಅನ್ನುವಂತಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಬಂದರೆ ಅಳಿಸಬೇಡಿ, ವಕೀಲರಿಗೆ ತೋರಿಸಿ.)

ಇನ್ನೊಂದು ವಿಷಯ ಅವಳು ಹೊರಡುವಾಗ ಹೇಳಿದಳು. ಊರಿನ ಒಬ್ಬರು, "ಇಪ್ಪತ್ತು ಸಾವಿರ ಕೊಡ್ರಿ, ಹೆಸರು ತಗಸ್ತೀನಿ" ಅಂದಿದ್ದರಂತೆ. ಕಿವಿಯ ಬೆಂಡೋಲೆ ಅಡ ಇಡುವುದು ಅಂತ ನಿಶ್ಚಯ ಆಗಿತ್ತು. ಬೇಡವೇ ಬೇಡ ಅಂದೆ. ಎಫ್‌ಐಆರ್‌ನಲ್ಲಿ ಬಂದ ಹೆಸರು ಯಾರ ಜೇಬಿನ ಮಾತಿಗೂ ಹೋಗುವುದಿಲ್ಲ. ತನಿಖೆ ಮುಗಿದು ದೋಷಾರೋಪ ಪಟ್ಟಿಯಿಂದ ಬಿಟ್ಟರೆ ಹೋಗುತ್ತದೆ, ಇಲ್ಲ ಕೋರ್ಟ್ ಹೇಳಿದರೆ ಹೋಗುತ್ತದೆ. ಆ ದುಡ್ಡಿಗೆ ರಸೀದಿ ಇರುವುದಿಲ್ಲ.

ಮರುದಿನ ಸಂಜೆ ಬಸು ಬಂದ. ಗಟ್ಟಿಮುಟ್ಟು ಹುಡುಗ. ದಿನಾ ಓಡುವ ಕಾಲುಗಳು. ಕುರ್ಚಿಯಲ್ಲಿ ಕೂತಾಗ ಆ ಕಾಲುಗಳು ನಡುಗುತ್ತಿದ್ದವು. ನಾಲ್ಕು ರಾತ್ರಿಯಿಂದ ನಿದ್ದೆ ಇರಲಿಲ್ಲ.

"ಪೊಲೀಸ್ ಆಗಾಂವ ನಾ, ಪೊಲೀಸ್ ಕೇಸಿನ್ಯಾಗ ಬಂದೆ. ಮುಗೀತ್ರೀ ನಂದು. ಹೊಳಿ ಕಾಣ್ತೈತಿ ಬರೇ."

ಇಂಥ ಮಾತು ಬಂದಾಗ ನಾನು ದಾಟಿ ಹೋಗುವುದಿಲ್ಲ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿದೆ. ಎರಡು ಸಲ ಅನ್ನಿಸಿತ್ತು ಅಂದ. ಕೇಸಿನ ಮಾತನ್ನು ಅಲ್ಲಿಗೇ ಬಿಟ್ಟು, ಒಂದು ತಾಸು ಅದನ್ನೇ ಮಾತಾಡಿದೆವು. ಒಬ್ಬನೇ ಮಲಗಬೇಡ, ಅಕ್ಕನ ಮನೆಯಲ್ಲಿ ಇರು ಅಂತ ಒಪ್ಪಿಸಿದೆ. ಟೆಲಿ ಮಾನಸ್ ಸಹಾಯವಾಣಿ 14416ನ್ನು ಇಬ್ಬರ ಫೋನಿನಲ್ಲೂ ಉಳಿಸಿದೆವು. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು. ಹೆದರಿದ ಮನಸ್ಸಿಗೆ ಕಾನೂನು ಹೇಳಿದರೆ ಒಂದು ಅಕ್ಷರವೂ ಇಳಿಯುವುದಿಲ್ಲ. ಮೊದಲು ಉಸಿರು ತಹಬಂದಿಗೆ ಬರಬೇಕು.

ಆಮೇಲೆ ಕೇಳಿದೆ, ಕಾರ್ಖಾನೆಯಲ್ಲಿ ಇದ್ದೆ ಅನ್ನುವುದಕ್ಕೆ ಏನಿದೆ? ಪ್ಯಾಂಟಿನ ಹಿಂದಿನ ಜೇಬಿನಿಂದ ಪರ್ಸ್ ತೆಗೆದ. ಅದರೊಳಗಿಂದ, ಕಬ್ಬಿನ ಗಾಡಿ ತೂಗುವ ಕಾಟಾದ ಚೀಟಿ. ಗಾಡಿ ನಂಬರ್, ತೂಕ, ತಾರೀಕು, ಸಂಜೆ 6:52. ಶಾಯಿ ಆಗಲೇ ಮಾಸುತ್ತಿತ್ತು. ಬಿಸಿಲಿಗೂ ಬೆವರಿಗೂ ಅಂಥ ಚೀಟಿ ಬೇಗ ಬಿಳಿ ಆಗಿಬಿಡುತ್ತದೆ. ಅಲ್ಲೇ ಮೂರು ಫೋಟೊ ತೆಗೆದು ಅಕ್ಕನಿಗೂ ಕಳಿಸಿದೆವು. ಕಾಟಾದ ಹತ್ತಿರ ಕ್ಯಾಮೆರಾ ಇದೆ ಅಂದ. ಆ ದೃಶ್ಯ ಕೆಲವು ದಿನಕ್ಕೆ ಅಳಿಸಿಹೋಗಬಹುದು, ಅದಕ್ಕೇ ಅವತ್ತೇ ವಕೀಲರ ಕಿವಿಗೆ ಹಾಕಬೇಕಿತ್ತು.

ವಕೀಲರಿಗೆ ದುಡ್ಡೆಲ್ಲಿಂದ ಅನ್ನುವುದು ಅವರ ದೊಡ್ಡ ಚಿಂತೆ. ಉಚಿತ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರದ ಕಾಯಿದೆ 1987ರದ್ದು. ಇಷ್ಟು ವರ್ಷ ಆದರೂ ನಮ್ಮ ಹಳ್ಳಿಗಳಿಗೆ ಅದರ ಸುದ್ದಿ ಮುಟ್ಟಿಲ್ಲ ಅನ್ನುವುದು ನನಗೆ ನಿಜಕ್ಕೂ ನೋವಿನ ವಿಷಯ. ಈ ಮನೆಯ ಮೂವರಿಗೂ ಉಚಿತ ವಕೀಲರು ಸಿಗುವ ದಾರಿ ಬೇರೆ ಬೇರೆ ಇತ್ತು. ಅವ್ವನಿಗೆ ಹೆಂಗಸು ಅನ್ನುವುದೊಂದೇ ಸಾಕು, ಆದಾಯ ಕೇಳುವುದಿಲ್ಲ. ಅಣ್ಣನಿಗೆ ಬಂಧನದಲ್ಲಿ ಇದ್ದಾನೆ ಅನ್ನುವುದು ಸಾಕು. ಬಸುವಿಗೆ ಮಾತ್ರ ಆದಾಯದ ಪ್ರಮಾಣಪತ್ರ ಬೇಕು. ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ಅದೂ ಬೇಕಿರಲಿಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೋಗಲು ಆಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು. ನಾನೇ ಮಾಡಿ ಮಾತಾಡಿಸಿದೆ. ಮರುದಿನ ಬೆಳಿಗ್ಗೆ ಒಬ್ಬ ವಕೀಲರು ಸಿಕ್ಕರು. ಬಂಧನದ ಭಯ ಇದ್ದರೆ ಸೆಷನ್ಸ್ ಕೋರ್ಟಿನಲ್ಲೋ ಧಾರವಾಡದ ಹೈಕೋರ್ಟ್ ಪೀಠದಲ್ಲೋ ನಿರೀಕ್ಷಣಾ ಜಾಮೀನು ಕೇಳಬಹುದು, ಆದರೆ ಮೊದಲು ನೋಟಿಸಿಗೆ ಹಾಜರಾಗೋಣ ಅಂತ ಅವರೇ ಹೇಳಿದರು.

ಠಾಣೆಗೆ ಹೋಗುವ ಮುಂಚೆ ನನ್ನ ಕೋಣೆಯಲ್ಲಿ ತಾಲೀಮು ಮಾಡಿದೆವು. ನಾನು ತನಿಖಾಧಿಕಾರಿ, ಅವನು ಅವನೇ. "ಸಲಿಕೆ ಯಾರು ತಂದರು?" ಅಂತ ಜೋರಾಗಿ ಕೇಳಿದೆ. ಬಸು ತಕ್ಷಣ ಅಣ್ಣನ ಪರವಾಗಿ ಕಥೆ ಕಟ್ಟಲು ಶುರು ಮಾಡಿದ. ಅಲ್ಲೇ ನಿಲ್ಲಿಸಿದೆ. ನೋಡದೆ ಇದ್ದದ್ದನ್ನು ನೋಡಿದೆ ಅನ್ನಬೇಡ. ಹೆಸರು, ವಿಳಾಸ ಕೇಳಿದರೆ ಸರಿಯಾಗಿ ಹೇಳು. ಎಲ್ಲಿದ್ದೆ ಅಂದರೆ ಇದ್ದ ಜಾಗ ಹೇಳು. ನಿನ್ನನ್ನೇ ಅಪರಾಧಕ್ಕೆ ಸಿಕ್ಕಿಸುವ ಪ್ರಶ್ನೆಗೆ ಉತ್ತರ ಕೊಡದೆ ಇರುವ ಹಕ್ಕನ್ನು ಸಂವಿಧಾನದ 20(3)ನೇ ವಿಧಿಯೇ ಕೊಟ್ಟಿದೆ. ಆದರೆ ಸುಮ್ನೆ ಕೂರುವುದಕ್ಕೂ ಸುಳ್ಳು ಹೇಳುವುದಕ್ಕೂ ಬಹಳ ಅಂತರ ಇದೆ ತಮ್ಮಾ, ಅಂದೆ. ಆರೇಳು ಸಲ ಆಡಿ ಆಡಿ ಅವನ ಬಾಯಿಗೆ ಒಂದು ಮಾತು ಕೂತಿತು: "ಇದರ ಬಗ್ಗೆ ವಕೀಲರನ್ನ ಕೇಳಿ ಹೇಳ್ತೀನ್ರೀ ಸಾಹೇಬ್ರ." ದನಿ ಏರಿಸದೆ, ತಲೆ ತಗ್ಗಿಸದೆ ಹೇಳುವುದನ್ನು ಕಲಿತ.

ಸಹಿಯ ಮಾತೂ ಬಂತು. ನೋಟಿಸ್ ಮುಟ್ಟಿತು ಅಂತ ಸಹಿ ಹಾಕಬಹುದು. ಖಾಲಿ ಹಾಳೆಗೆ, ಓದದ ಹಾಳೆಗೆ ಹಾಕಬಾರದು. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವರ ಸಹಿ ಇರಬಾರದು ಅಂತ ಸಂಹಿತೆಯೇ ಹೇಳುತ್ತದೆ.

ಅದನ್ನು ಕೇಳಿ ಅಕ್ಕನ ಮುಖ ಬಿಳಿಚಿತು. ಜೈಲಿಗೆ ಭೇಟಿಗೆ ಹೋದಾಗ ಅಣ್ಣ ಹೇಳಿದ್ದನಂತೆ, ಎರಡು ಹಾಳೆಗೆ ಓದದೆ ಸಹಿ ಹಾಕಿದೆ ಅಂತ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದಳು, "ಹೊಡದಾಂವಗೂ ಹಕ್ಕ ಇರ್ತಾವೇನ್ರೀ?"

ಈ ಒಂದು ಪ್ರಶ್ನೆಗಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಇರುತ್ತವೆ. ಹೊಡೆದವನಿಗೂ ಅಷ್ಟೇ ಇರುತ್ತವೆ. ತಪ್ಪಿಗೆ ಎಷ್ಟು ಶಿಕ್ಷೆ ಅನ್ನುವುದನ್ನು ಕೋರ್ಟ್ ಹೇಳಬೇಕು, ಅಲ್ಲಿಯವರೆಗೆ ಅವನು ಆರೋಪಿ ಮಾತ್ರ. ಯಾಕೆ ಬಂಧಿಸಿದ್ದೇವೆ ಅಂತ ಅವನಿಗೆ ತಿಳಿಸಬೇಕು. ಮನೆಯವರಿಗೆ ತಿಳಿಸಬೇಕು. ಅವತ್ತು ರಾತ್ರಿ ಅಕ್ಕನಿಗೆ ಠಾಣೆಯಿಂದ ಫೋನ್ ಬಂದಿತ್ತಂತೆ, ಅದು ಇದೇ ನಿಯಮಕ್ಕೆ. ವೈದ್ಯರ ಹತ್ತಿರ ತಪಾಸಣೆ ಆಗಬೇಕು. ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿ ಆಗಬಹುದು, ಪೂರ್ತಿ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳಲು ಮಾತ್ರ ಆಗುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಹೊಡೆತ ಬಿದ್ದಿದೆಯಾ, ಊಟ ಸಿಕ್ಕಿದೆಯಾ ಅನ್ನುವುದನ್ನು ಬಾಯಿ ಬಿಟ್ಟು ಹೇಳಬಹುದು. ನಮ್ಮವರು ಅಲ್ಲಿ ಕೈ ಮುಗಿದು ಸುಮ್ಮನಾಗುತ್ತಾರೆ.

ಆ ಎರಡು ಹಾಳೆಯ ಬಗ್ಗೆ ವಕೀಲರು ಸಮಾಧಾನ ಹೇಳಿದರು. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಬೀತು ಮಾಡಲು ಬರುವುದಿಲ್ಲ. ಆದರೆ ಅವನು ಹೇಳಿದ್ದರಿಂದಲೇ ಸಲಿಕೆ ಸಿಕ್ಕಿದ್ದರೆ, ಅದಕ್ಕೆ ಸಂಬಂಧಪಟ್ಟ ಅಷ್ಟು ಮಾತು ಮಾತ್ರ ಸಾಕ್ಷಿ ಆಗುತ್ತದೆ. ಅಣ್ಣನಿಗೆ ಜಾಮೀನು ಸಿಕ್ಕಿತು. ಸೋದರಮಾವ ಹೊಲದ ಉತಾರ (ಪಹಣಿ) ಕೊಟ್ಟು ಜಾಮೀನುದಾರನಾದ.

ಬಸು ಹೇಳಿದ ದಿನ, ಹೇಳಿದ ಹೊತ್ತಿಗೆ ಠಾಣೆಗೆ ಹೋದ. ವಕೀಲರು ಜೊತೆಗಿದ್ದರು. ಮೂರು ತಾಸು ಕೂರಿಸಿದರು, ಕೇಳಿದರು, ಕಳಿಸಿದರು. ಕಾಟಾ ಚೀಟಿಯ ಪ್ರತಿ, ಕ್ಯಾಮೆರಾ ದೃಶ್ಯ ಕಾಯ್ದಿಡಬೇಕು ಅನ್ನುವ ಅರ್ಜಿ, ಎರಡಕ್ಕೂ ಸ್ವೀಕೃತಿ ಸಿಕ್ಕಿತು. ಅವ್ವನನ್ನೂ ಠಾಣೆಗೆ ಕರೆದಿದ್ದರು. ಹೆಂಗಸರನ್ನು ಅವರು ಇರುವ ಮನೆಯಲ್ಲೇ ವಿಚಾರಿಸಬೇಕು ಅಂತ ವಕೀಲರು ಒಂದು ಪತ್ರ ಬರೆದರು. ಮಹಿಳಾ ಸಿಬ್ಬಂದಿಯೊಬ್ಬರು ಮನೆಗೇ ಬಂದು ಕೇಳಿಕೊಂಡು ಹೋದರು. ಅವ್ವ ಅವರಿಗೆ ಚಹಾ ಕೊಟ್ಟಳಂತೆ.

ಕಾಕಾನ ಮನೆಗೆ ಯಾರೂ ಹೋಗಿ ಒತ್ತಾಯ ಮಾಡಬೇಡಿ ಅಂತಲೂ ಹೇಳಿದೆ. ಸಾಕ್ಷಿ ಹೆದರಿಸಿದರು ಅಂತ ಆದರೆ ಜಾಮೀನೇ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತಲೆ ಒಡೆದದ್ದು ಅವರದ್ದು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ತಿಳಿದುಕೊಳ್ಳುವ ಹಕ್ಕು ಅವರಿಗೂ ಇದೆ.

ತನಿಖೆ ಇನ್ನೂ ಮುಗಿದಿಲ್ಲ. ಬಸು ತಿಂಗಳಿಗೆ ಎರಡು ಸಲ ಬರುತ್ತಾನೆ. ನಿದ್ದೆ ಬರುತ್ತಿದೆ. ಬೆಳಿಗ್ಗೆ ಮತ್ತೆ ಓಡುತ್ತಿದ್ದಾನೆ. ಮೊನ್ನೆ ಒಂದು ನೇಮಕಾತಿಯ ಅರ್ಜಿ ತುಂಬುವಾಗ ಫೋನ್ ಮಾಡಿದ. ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ ಅನ್ನುವ ಕಾಲಂ. ಗೆಳೆಯರೆಲ್ಲ 'ಇಲ್ಲ' ಅಂತ ಬರಿ ಅಂದಿದ್ದಾರೆ. ಮುಚ್ಚಿಟ್ಟದ್ದೇ ಕೆಲಸ ಹೋಗಲು ಕಾರಣ ಆಗಬಹುದು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ತಿಳಿಸಿದೆ. ನಿಜ ಬರೆದರೆ ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲಾರೆ, ಅದನ್ನೂ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

"ಹೌದು ಅಂತ ಬರದೇನ್ರೀ ಮೇಡಂ. ಕ್ರೈಂ ನಂಬರ್ ಪೂರಾ ಬರೀಬೇಕೇನ್ರೀ?"

ಪೂರ್ತಿ ಬರಿ, ವರ್ಷವನ್ನೂ ಹಾಕು ಅಂದೆ.