ಎಸ್‌ಪಿಎಫ್ 50 ಹಚ್ಚಿದರೂ ಬಂಗು ಏಕೆ?

ಪ್ರಶ್ನೆ: ನನಗೆ 38 ವರ್ಷ. ದಿನಾ ಸ್ಕೂಟರಿನಲ್ಲಿ ಶಾಲೆಗೆ ಹೋಗಿಬರುವ ಶಿಕ್ಷಕಿ. ಬೆಳಿಗ್ಗೆ ತಪ್ಪದೆ ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಹಚ್ಚುತ್ತೇನೆ. 50 ಗ್ರಾಂ ಟ್ಯೂಬು ನಾಲ್ಕು ತಿಂಗಳು ಬರುತ್ತದೆ. ಆದರೂ ಕೆನ್ನೆಯ ಬಂಗು ಕಪ್ಪಾಗುತ್ತಲೇ ಇದೆ. ಎಸ್‌ಪಿಎಫ್ 100 ಕೊಳ್ಳಲೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. ಟ್ಯೂಬು ನಾಲ್ಕು ತಿಂಗಳು ಬರುತ್ತಿರುವುದೇ ತೊಂದರೆ. ಲೆಕ್ಕ ಹಾಕಿ, ದಿನಕ್ಕೆ ಅರ್ಧ ಗ್ರಾಮೂ ಆಗಲಿಲ್ಲ. ಡಬ್ಬಿಯ ಮೇಲಿನ ಸಂಖ್ಯೆಯನ್ನು ಅಳೆಯುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಅಷ್ಟು ಹಚ್ಚದಿದ್ದರೆ 50 ಎಂಬುದು ಮುಖದ ಮೇಲೆ 50 ಆಗಿ ಉಳಿಯುವುದಿಲ್ಲ. ಸರಿಯಾಗಿ ಹಚ್ಚಿದರೆ ಎಸ್‌ಪಿಎಫ್ 30 ಸುಮಾರು 97%, 50 ಸುಮಾರು 98% ಯುವಿಬಿ ಕಿರಣಗಳನ್ನು (ಚರ್ಮ ಸುಡುವ ನೇರಳಾತೀತ ಕಿರಣಗಳು) ತಡೆಯುತ್ತದೆ. 100ರಿಂದ ಸಿಗುವ ಹೆಚ್ಚುವರಿ ಲಾಭ ಅತ್ಯಲ್ಪ.

ತೋರುಬೆರಳು ಮತ್ತು ನಡುಬೆರಳಿನ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಸಾಕು. ಒಮ್ಮೆಗೇ ಬಳಿದರೆ ಬೆಳ್ಳಗೆ ಕಾಣುತ್ತದೆ. ಒಂದು ಬೆರಳಿನಷ್ಟು ಹಚ್ಚಿ, ಆರಿದ ಮೇಲೆ ಇನ್ನೊಂದು. ಕಿವಿ, ಕುತ್ತಿಗೆಯ ಹಿಂಭಾಗ ಬಿಡಬೇಡಿ. ಮಾಯಿಶ್ಚರೈಸರ್ ಹೀರಿಕೊಳ್ಳುವ ಮೊದಲೇ ಉಜ್ಜಿದರೆ ಕ್ರೀಮು ಸಿಪ್ಪೆಯಂತೆ ಏಳುತ್ತದೆ. ಹೊರಡುವುದಕ್ಕೆ 15 ನಿಮಿಷ ಮೊದಲು ಹಚ್ಚಿ. ಬೆಳಗಿನ ಲೇಪ ಸಂಜೆಯವರೆಗೆ ಉಳಿಯದು. ಶಾಲೆ ಬಿಡುವ ಹೊತ್ತಿಗೆ ಬೆವರು ಒರೆಸಿ ಮತ್ತೆ ಹಚ್ಚಿ. ಬಿಸಿಲಲ್ಲೇ ನಿಂತು ಆಟ ಆಡಿಸುವ ದಿನವಾದರೆ ಎರಡು ಗಂಟೆಗೊಮ್ಮೆ.

ಬಂಗಿನ ವಿಷಯಕ್ಕೆ ಬಂದರೆ, ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿ ಬಗ್ಗೆ. ಚರ್ಮ ಕಪ್ಪಾಗಿಸುವ ಯುವಿಎ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ಅದಕ್ಕಾಗಿ ಡಬ್ಬಿಯ ಮೇಲೆ ಯುವಿಎ ತಡೆಯನ್ನು ಸೂಚಿಸುವ ‘ಪಿಎ’ ಪಕ್ಕದಲ್ಲಿ ಮೂರು ನಾಲ್ಕು ಪ್ಲಸ್ ಗುರುತುಗಳಿರುವುದನ್ನು ಆರಿಸಿ. ನಮ್ಮಂಥ ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ; ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಆದ್ದರಿಂದ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನೇ ನಿಮಗೆ ಸೂಕ್ತ.

ಅಂಗಡಿಯವರು ಕೊಡುವ ಸ್ಟೆರಾಯ್ಡ್ ಬೆರೆತ ಬಿಳುಪಿನ ಕ್ರೀಮುಗಳನ್ನು ದಯವಿಟ್ಟು ಮುಟ್ಟಬೇಡಿ. ಮೊದಮೊದಲು ಮುಖ ತಿಳಿಯಾದಂತೆ ಕಂಡರೂ ಚರ್ಮ ತೆಳುವಾಗಿ, ಕೆಂಪೇರಿ, ಬಿಟ್ಟ ಕೂಡಲೇ ಬಂಗು ಮರಳುತ್ತದೆ. ಮೂರು ತಿಂಗಳು ಸರಿಯಾಗಿ ಹಚ್ಚಿಯೂ ತಗ್ಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾಲ್ಕು ತಿಂಗಳ ಮಗುವಿಗೆ ಸನ್‌ಸ್ಕ್ರೀನ್ ಹಚ್ಚಬಹುದೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಆರು ತಿಂಗಳು ತುಂಬುವವರೆಗೆ ಬೇಡ. ನೆರಳು, ಟೋಪಿ, ಮೈತುಂಬ ತೆಳು ಹತ್ತಿಬಟ್ಟೆ ಸಾಕು. ಆಮೇಲೆ ಜಿಂಕ್ ಆಕ್ಸೈಡ್ ಇರುವ, ಪರಿಮಳವಿಲ್ಲದ ಕ್ರೀಮನ್ನು ಮೊದಲು ತೋಳಿನ ಒಂದಿಷ್ಟು ಜಾಗಕ್ಕೆ ಹಚ್ಚಿ, ಒಂದು ದಿನ ಗಮನಿಸಿ.