ದಡಕ್ಕೆ ಬರುತ್ತಿರುವ ಹರಿಕೇನ್ ಬಲಗೊಳ್ಳುತ್ತಿದೆಯೇ ಎಂದು ಬೆಂಗಳೂರಿನಲ್ಲಿ ಕೂತು ತಿಳಿಯುವುದು ಹೇಗೆ?

ಮಗಳು ಫ್ಲೋರಿಡಾದ ಟ್ಯಾಂಪಾದಲ್ಲಿದ್ದಾಳೆ, ಅಲ್ಲಿನ ಗಲ್ಫ್‌ನಲ್ಲಿ (ಮೆಕ್ಸಿಕೋ ಕೊಲ್ಲಿ) ಹರಿಕೇನ್, ಅಂದರೆ ನಮ್ಮ ಚಂಡಮಾರುತದಂಥದ್ದು, ಎದ್ದಾಗ ಟಿವಿಯ ಗದ್ದಲಕ್ಕೆ ಕಾಯದೆ ಅದು ಬಲಗೊಳ್ಳುತ್ತಿದೆಯೋ ಕುಗ್ಗುತ್ತಿದೆಯೋ ಎಂದು ನಾವೇ ನೋಡಬಹುದೇ ಅಂತ ಕೇಳಿದ್ದೀರಿ. ಖಂಡಿತ ನೋಡಬಹುದು. ಬೇಕಾದ ಮಾಹಿತಿಯೆಲ್ಲ ಉಚಿತವಾಗಿ ಸಿಗುತ್ತದೆ.

ಮೊದಲು ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್‌ನ ವೇಳಾಪಟ್ಟಿ. ಆರು ಗಂಟೆಗೊಮ್ಮೆ ಪೂರ್ಣ ಪ್ರಕಟಣೆ ಬರುತ್ತದೆ; ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:30, ಮಧ್ಯಾಹ್ನ 2:30, ರಾತ್ರಿ 8:30, ನಡುರಾತ್ರಿ 2:30. ಕರಾವಳಿಗೆ ಎಚ್ಚರಿಕೆ ಕೊಟ್ಟ ಮೇಲೆ ಮಧ್ಯೆ ಮೂರು ಗಂಟೆಗೊಂದು ಕಿರು ಪ್ರಕಟಣೆ ಸೇರಿಕೊಳ್ಳುತ್ತದೆ. ಎಲ್ಲರೂ ನಕ್ಷೆ ನೋಡಿ ಮುಚ್ಚಿಬಿಡುತ್ತಾರೆ. ನೀವು 'ಫೋರ್‌ಕಾಸ್ಟ್ ಡಿಸ್ಕಷನ್' ಎಂಬ ಪಠ್ಯ ಓದಿ. ಮುನ್ಸೂಚಕರು ಯಾವುದರ ಮೇಲೆ ಭರವಸೆ ಇಟ್ಟಿದ್ದಾರೆ, ಎಲ್ಲಿ ಅನುಮಾನ ಇದೆ ಎಂದು ಬಿಚ್ಚಿ ಬರೆಯುವುದು ಅಲ್ಲೇ. ನಕ್ಷೆಯಲ್ಲಿ ಮುಂದಿನ ಪಥ ತೋರಿಸುವ, ಶಂಕುವಿನಾಕಾರದ ಬಿಳಿ ಕೋನ್ ಅಪಾಯದ ಗಡಿ ಅಲ್ಲ. ಬಿರುಗಾಳಿಯ ಕೇಂದ್ರಬಿಂದು ಮೂರರಲ್ಲಿ ಸುಮಾರು ಎರಡು ಸಲ ಅದರೊಳಗೆ ಉಳಿಯುತ್ತದೆ, ಅಷ್ಟೇ ಅದರ ಅರ್ಥ. ಮಳೆ, ಗಾಳಿ, ಸಮುದ್ರದ ಉಬ್ಬರ ಕೋನ್‌ನ ಹೊರಗೂ ಬರುತ್ತವೆ.

ಪ್ರಕಟಣೆಗಳ ನಡುವಿನ ಹೊತ್ತಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ವಿಮಾನದ ಅಳತೆಗಳನ್ನು. ಮಿಸಿಸಿಪಿಯ ಕೀಸ್ಲರ್ ವಾಯುನೆಲೆಯ ಡಬ್ಲ್ಯೂಸಿ-130ಜೆ ವಿಮಾನಗಳು ಮತ್ತು ಫ್ಲೋರಿಡಾದ ಲೇಕ್‌ಲ್ಯಾಂಡ್‌ನಲ್ಲಿರುವ ನೋವಾ (ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ) ಸಂಸ್ಥೆಯ ಪಿ-3 ವಿಮಾನಗಳು ಸುಮಾರು ಹತ್ತು ಸಾವಿರ ಅಡಿ ಎತ್ತರದಲ್ಲಿ ಬಿರುಗಾಳಿಯ ಕಣ್ಣಿನೊಳಗೇ (ನಟ್ಟನಡುವಿನ ಶಾಂತ ಭಾಗ) ಹಾದುಹೋಗುತ್ತವೆ. 30 ಸೆಕೆಂಡಿಗೆ ಒಂದು ಸಾಲಿನಂತೆ, ಹತ್ತು ನಿಮಿಷಕ್ಕೆ 20 ಸಾಲುಗಳ ಸಂದೇಶ ಬರುತ್ತದೆ. ಟ್ರಾಪಿಕಲ್ ಟಿಡ್‌ಬಿಟ್ಸ್ ತಾಣ ಅದನ್ನು ನಕ್ಷೆಯ ಮೇಲೆ ಹಾಕಿ ತೋರಿಸುತ್ತದೆ, ಆದರೂ ಮೂಲ ಸಾಲು ಓದಲು ಕಲಿಯಿರಿ. ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಒತ್ತಡದ ಕಾಲಂನಲ್ಲಿ 9384 ಎಂದಿದ್ದರೆ 938.4 ಮಿಲಿಬಾರ್. 215118 ಎಂದಿದ್ದರೆ ಗಾಳಿ 215 ಡಿಗ್ರಿ ದಿಕ್ಕಿನಿಂದ 118 ನಾಟ್ ವೇಗದಲ್ಲಿ ಬೀಸುತ್ತಿದೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಆ ಎತ್ತರದ ಗಾಳಿಯ ಸುಮಾರು 90 ಶೇಕಡಾ ನೆಲಮಟ್ಟದಲ್ಲಿ ಇರುತ್ತದೆ ಎಂಬುದು ರೂಢಿಯ ಲೆಕ್ಕ. ಹಾಗಾಗಿ 118 ನಾಟ್ ಅಂದರೆ ಕೆಳಗೆ 106 ನಾಟ್, ಗಂಟೆಗೆ 196 ಕಿ.ಮೀ., ಗಾಳಿಯ ವೇಗದಿಂದ ಹರಿಕೇನ್‌ಗೆ ಕೊಡುವ ಐದು ವರ್ಗಗಳಲ್ಲಿ ಮೂರನೇ ವರ್ಗ. ವಿಮಾನ ಕಣ್ಣಿನೊಳಗೆ ಹೊಕ್ಕಾಗ ಗಾಳಿ ಕೆಲವೇ ನಾಟ್‌ಗೆ ಬಿದ್ದು, ಆಚೆ ಬದಿಯಲ್ಲಿ ದಿಕ್ಕು ತಿರುವುಮುರುವಾಗಿ ಮತ್ತೆ ಏರುತ್ತದೆ. ಒತ್ತಡ ತೀರಾ ಕಡಿಮೆಯಾಗುವುದು ಕಣ್ಣಿನಲ್ಲೇ. ಸಾಲಿನ ಕೊನೆಯ ಅಂಕೆ 3 ಆಗಿದ್ದರೆ ಸಮುದ್ರದ ಮೇಲ್ಮೈ ಗಾಳಿ ಅಳೆಯುವ ಎಸ್‌ಎಫ್‌ಎಂಆರ್ ಉಪಕರಣದ ಓದು ಅನುಮಾನಾಸ್ಪದ. ನೀರು ಆಳವಿಲ್ಲದ ಕರಾವಳಿಯಲ್ಲಿ ಆ ಉಪಕರಣ ಹೆಚ್ಚಾಗಿ ತಪ್ಪು ತೋರಿಸುತ್ತದೆ, ಅದೂ ದಡ ಹತ್ತಿರವಾದಾಗ, ನಮಗೆ ತುಂಬಾ ಬೇಕಾದ ಹೊತ್ತಿನಲ್ಲೇ.

ಒಂದು ಓದಿನಿಂದ ತೀರ್ಮಾನಕ್ಕೆ ಬರಬೇಡಿ. ಒಂದು ಸಲ ಹಾದುಹೋದಾಗಿನ ಕನಿಷ್ಠ ಒತ್ತಡ, ಮುಂದಿನ ಸಲದ್ದು, ನಡುವಿನ ಸಮಯ ಇಷ್ಟನ್ನು ಕಾಗದದ ಮೇಲೆ ಬರೆದುಕೊಳ್ಳಿ. ಗಂಟೆಗೆ ಒಂದು ಮಿಲಿಬಾರ್‌ನಂತೆ ಇಳಿಯುತ್ತಿದ್ದರೆ ಬಿರುಗಾಳಿ ಗಟ್ಟಿಯಾಗುತ್ತಿದೆ. ಎರಡು ಮೂರು ಮಿಲಿಬಾರ್ ಇಳಿದರೆ ಗಂಭೀರ. ಒತ್ತಡ ಮೊದಲು ಬೀಳುತ್ತದೆ, ಗಾಳಿ ಕೆಲವು ಗಂಟೆ ತಡವಾಗಿ ಏರುತ್ತದೆ. ಆದ್ದರಿಂದ 'ಗಾಳಿ ಅಷ್ಟೇ ಇದೆಯಲ್ಲ' ಎಂದು ನೆಮ್ಮದಿಪಟ್ಟರೆ ಮೋಸ ಹೋಗುತ್ತೀರಿ. 24 ಗಂಟೆಯಲ್ಲಿ 30 ನಾಟ್ ಏರಿದರೆ ಅದನ್ನು ಕ್ಷಿಪ್ರ ಬಲವರ್ಧನೆ ಎನ್ನುತ್ತಾರೆ. 2018ರ ಅಕ್ಟೋಬರ್ 10ರಂದು ಫ್ಲೋರಿಡಾದ ಮೆಕ್ಸಿಕೋ ಬೀಚ್ ಬಳಿ ದಡ ಮುಟ್ಟಿದ ಮೈಕೆಲ್ ಕೊನೆಯ ಗಳಿಗೆವರೆಗೂ ಬಲಗೊಳ್ಳುತ್ತಲೇ ಇತ್ತು, 919 ಮಿಲಿಬಾರ್. ಆಗ ನಾಲ್ಕನೇ ವರ್ಗ ಎಂದಿದ್ದನ್ನು ಮರುವರ್ಷ ಪರಿಶೀಲಿಸಿ ಐದಕ್ಕೆ ಏರಿಸಿದರು. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋ ದೇಶದ ಅಕಾಪುಲ್ಕೊ ಮೇಲೆ ಬಿದ್ದ ಓಟಿಸ್ ಇನ್ನೂ ಭೀಕರ. ಒಂದೇ ದಿನದಲ್ಲಿ ಸಾಧಾರಣ ಬಿರುಗಾಳಿ ಐದನೇ ವರ್ಗಕ್ಕೆ ಹೋಯಿತು, ಕಂಪ್ಯೂಟರ್ ಮಾದರಿಗಳು ಅದನ್ನು ಹಿಡಿಯಲೇ ಇಲ್ಲ. ಉಪಗ್ರಹದ ಅಂದಾಜಿಗಿಂತ ಅದು ಬಹಳ ಬಲವಾಗಿದೆ ಎಂದು ಗೊತ್ತಾದದ್ದು ವಿಮಾನ ಒಳಹೊಕ್ಕ ಮೇಲೆಯೇ.

ವಿಮಾನ ಇಲ್ಲದ ಹೊತ್ತಿಗೆ ಉಪಗ್ರಹ. ಅಮೆರಿಕದ ಹವಾಮಾನ ಉಪಗ್ರಹ ಗೋಸ್-ಈಸ್ಟ್‌ನ 13ನೇ ಬ್ಯಾಂಡ್ ಇನ್ಫ್ರಾರೆಡ್ ಚಿತ್ರ ರಾತ್ರಿಯಲ್ಲೂ ಸಿಗುತ್ತದೆ, ಬಿರುಗಾಳಿ ದಡದ ಹತ್ತಿರ ಬಂದಾಗ ನಿಮಿಷಕ್ಕೊಂದು. ಕಣ್ಣು ದುಂಡಗಾಗಿ ಬಿಸಿಯಾಗುತ್ತಾ, ಸುತ್ತಲಿನ ಮೋಡದ ನೆತ್ತಿ ಮೈನಸ್ 70 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗುತ್ತಾ ಪೂರ್ತಿ ಬಳೆಯಂತೆ ಸುತ್ತಿಕೊಂಡರೆ ಬಲ ಏರುತ್ತಿದೆ. ಒಂದು ಬದಿ ಬೋಳಾದರೆ ಮೇಲ್ಗಾಳಿ ಅದನ್ನು ಓರೆ ಮಾಡುತ್ತಿದೆ, ಅಥವಾ ಒಣಗಾಳಿ ನುಗ್ಗಿದೆ. ಇನ್ಫ್ರಾರೆಡ್‌ಗೆ ಮೋಡದ ನೆತ್ತಿ ಮಾತ್ರ ಕಾಣುವುದು. ಒಳಗೆ, ಕಣ್ಣನ್ನು ಸುತ್ತುವರಿದ ಮೋಡದ ಗೋಡೆಯ ಹೊರಗೆ ಎರಡನೇ ಗೋಡೆ ಕಟ್ಟುತ್ತಿದೆಯೇ ಎಂದು ತಿಳಿಯಲು 85ರಿಂದ 91 ಗಿಗಾಹರ್ಟ್ಸ್ ಮೈಕ್ರೋವೇವ್ ಚಿತ್ರ ಹುಡುಕಿ. ಹೊರಗೋಡೆ ಬೆಳೆದು ಒಳಗಿನದನ್ನು ಉಸಿರುಗಟ್ಟಿಸಿದಾಗ ಗರಿಷ್ಠ ಗಾಳಿ ಇಳಿಯುತ್ತದೆ, ಆದರೆ ಗಾಳಿಯ ಹರವು ಹಿಗ್ಗುತ್ತದೆ. ವರ್ಗ ಇಳಿದರೂ ನೀರಿನ ಅಪಾಯ ಇಳಿಯದಿರುವುದು ಇದರಿಂದಲೇ.

ದಡದಿಂದ ಇನ್ನೂರು ಕಿ.ಮೀ. ಒಳಗೆ ಬಂದರೆ ರಸ್ಕಿನ್‌ನಲ್ಲಿರುವ ಟ್ಯಾಂಪಾ ರೇಡಾರ್ ನೋಡಬಹುದು. ಅದರ ವೇಗದ ಚಿತ್ರದಲ್ಲಿ ದೊಡ್ಡ ಸಂಖ್ಯೆ ಕಂಡು ಗಾಬರಿಯಾಗಬೇಡಿ. ಭೂಮಿಯ ದುಂಡುತನದಿಂದ 230 ಕಿ.ಮೀ. ದೂರದಲ್ಲಿ ಅತಿ ತಗ್ಗಿನ ಕಿರಣವೂ ಸುಮಾರು ಐದು ಕಿ.ಮೀ. ಎತ್ತರದಲ್ಲಿರುತ್ತದೆ, ನೆಲದ ಗಾಳಿ ಅದಕ್ಕೆ ಕಾಣದು. ಮೇಲಾಗಿ ರೇಡಾರ್‌ನತ್ತ ಬರುವ ಅಥವಾ ಅದರಿಂದ ದೂರ ಹೋಗುವ ವೇಗವಷ್ಟೇ ಅದಕ್ಕೆ ಗೊತ್ತಾಗುತ್ತದೆ.

ಇನ್ನು ನೀರು. ಟ್ಯಾಂಪಾದಲ್ಲಿ ಗಾಳಿಯ ವರ್ಗಕ್ಕಿಂತ ಇದೇ ಮುಖ್ಯ ಎಂದು ನಾನು ಒತ್ತಿ ಹೇಳುತ್ತೇನೆ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ದಡ ಮುಟ್ಟಿದ್ದು ಬಹಳ ಉತ್ತರಕ್ಕೆ, ಪೆರ್ರಿ ಊರಿನ ಹತ್ತಿರ. ಆದರೂ ಟ್ಯಾಂಪಾ ಕೊಲ್ಲಿಯ ಮನೆಗಳಿಗೆ ಸಮುದ್ರ ನುಗ್ಗಿತು. ಎರಡೇ ವಾರದ ನಂತರ ಬಂದ ಮಿಲ್ಟನ್ ಗಲ್ಫ್‌ನಲ್ಲಿ 900 ಮಿಲಿಬಾರ್‌ಗಿಂತ ಕೆಳಗಿಳಿದು, ದಡದ ಹೊತ್ತಿಗೆ ಮೂರನೇ ವರ್ಗಕ್ಕೆ ಕುಗ್ಗಿ, ಅಕ್ಟೋಬರ್ 9ರಂದು ದಕ್ಷಿಣದ ಸಿಯೆಸ್ಟಾ ಕೀಯಲ್ಲಿ ಹತ್ತಿತು. ಕೇಂದ್ರದ ಉತ್ತರಕ್ಕಿದ್ದ ಟ್ಯಾಂಪಾದಲ್ಲಿ ಗಾಳಿ ನೆಲದಿಂದ ಕಡಲಿನತ್ತ ಬೀಸಿ ಕೊಲ್ಲಿಯ ನೀರನ್ನೇ ಹೊರದೂಡಿತು. ಸಮುದ್ರ ಉಕ್ಕಿ ನುಗ್ಗಿದ್ದು ದಕ್ಷಿಣದ ಊರುಗಳಿಗೆ. ಕೆಲವೇ ಹತ್ತು ಕಿ.ಮೀ. ಪಥ ಸರಿದರೆ ಫಲ ಹೀಗೆ ತಲೆಕೆಳಗಾಗುತ್ತದೆ, ಅಷ್ಟು ನಿಖರವಾಗಿ ಹಿಂದಿನ ದಿನ ಯಾರೂ ಹೇಳಲಾರರು. ನೋವಾದ ಉಬ್ಬರವಿಳಿತ ತಾಣದಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಕ್ಲಿಯರ್‌ವಾಟರ್ ಬೀಚ್ ಮಾಪಕ ತೆರೆದಿಡಿ. ಅಳೆದ ನೀರಿನ ಮಟ್ಟದಿಂದ, ಮಾಮೂಲಿ ಉಬ್ಬರವಿಳಿತಕ್ಕೆ ಮೊದಲೇ ಲೆಕ್ಕ ಹಾಕಿದ ಮಟ್ಟ ಕಳೆದರೆ ಉಳಿಯುವುದೇ ಬಿರುಗಾಳಿಯ ಪಾಲು.

ಇನ್ನೊಂದು ಮಾತು: ಅಮೆರಿಕದ ಗಾಳಿ ಒಂದು ನಿಮಿಷದ ಸರಾಸರಿ, ನಮ್ಮ ಐಎಂಡಿಯದು (ಭಾರತೀಯ ಹವಾಮಾನ ಇಲಾಖೆ) ಮೂರು ನಿಮಿಷದ್ದು. ನೇರ ಹೋಲಿಸಿದರೆ ಅವರದು ಸ್ವಲ್ಪ ಹೆಚ್ಚೇ ಕಾಣುತ್ತದೆ.

ಮಗಳಿಗೆ ಈಗಲೇ ಮಾಡಲು ಹೇಳಬೇಕಾದ ಕೆಲಸ: ತನ್ನ ವಿಳಾಸ ಹಾಕಿ ಕೌಂಟಿಯ (ನಮ್ಮ ಜಿಲ್ಲೆಯಂತೆ) ತೆರವು ವಲಯ ನೋಡಿಕೊಳ್ಳಲಿ. ಎ ಇಂದ ಇ ವರೆಗೆ ಐದು ವಲಯಗಳಿವೆ, ಮೊದಲು ಹೊರಡಬೇಕಾದವರು ಎ ವಲಯದವರು. ಇದು ಹರಿಕೇನ್ ವರ್ಗಕ್ಕೆ ಸಂಬಂಧಿಸಿದ್ದಲ್ಲ. ಆಮೇಲೆ ಹರಿಕೇನ್ ಸೆಂಟರ್‌ನ 'ಸಾಧಾರಣ ಬಿರುಗಾಳಿ ಮಟ್ಟದ ಗಾಳಿ ಬರಬಹುದಾದ ಅತಿ ಬೇಗನೆಯ ಸಮಯ' ತೋರಿಸುವ ನಕ್ಷೆ ತೆರೆಯಲಿ. ಗಾಳಿ ಏರಿದರೆ ಕೊಲ್ಲಿಯ ಸೇತುವೆಗಳನ್ನು ಮುಚ್ಚುತ್ತಾರೆ, ಆದ್ದರಿಂದ ತೆರವಿಗೆ ಕರೆ ಬಂದರೆ ಆ ಸಮಯಕ್ಕೆ ಎಷ್ಟೋ ಮೊದಲೇ ಕಾರು ಹೊರಟಿರಬೇಕು.